ಥಂಡಿಗೆ ಬ್ಯಾಟರಿಯೂ ನಡುಗುತ್ತೆ

2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ರಾಜ್ಯವರ್ಧನ್ ಸಿಂಗ್ ರಾಥೋಡ್ ಬೆಳ್ಳಿ ಗೆದ್ದಿದ್ದು ಗಾಳಿಯಲ್ಲಿ ಹಾರುವ ತಟ್ಟೆಗಳಿಗೆ ಗುಂಡು ಹೊಡೆದು. ಆ ತಟ್ಟೆ ಎಸೆಯೋಕೆ ಮಷೀನ್ ಇರುತ್ತೆ. ಎಷ್ಟೋ ಮಷೀನ್‌ಗಳಲ್ಲಿ 12 ವೋಲ್ಟ್ ಬ್ಯಾಟರಿ, ಮೋಟಾರ್, ಗಟ್ಟಿ ಸ್ಪ್ರಿಂಗ್, ಇಷ್ಟೇ. ಚಳಿ ದೇಶಗಳಲ್ಲಿ ಅದನ್ನ ನಡೆಸೋರ ತಲೆನೋವೂ, ಹೊರ್ತಿಯಲ್ಲಿ ನಮ್ಮ ಟ್ರ್ಯಾಕ್ಟರ್‌ನ ತಲೆನೋವೂ ಒಂದೇ.

ಡಿಸೆಂಬರ್‌ನಲ್ಲಿ ದ್ರಾಕ್ಷಿ ತೋಟಕ್ಕೆ ಇಬ್ಬನಿ ಬೀಳುತ್ತೆ, ಅದರ ಹಿಂದೇನೇ ಡೌನಿ ರೋಗ. ಹೊತ್ತಿಗೆ ಸರಿಯಾಗಿ ಔಷಧ ಹೊಡೀದಿದ್ರೆ ವರ್ಷದ ಬೆಳೆ ಕೈಬಿಡಬಹುದು. ಅದೇ ಬೆಳಗ್ಗೆ ಟ್ರ್ಯಾಕ್ಟರ್ 'ಟಕ್' ಅಂದು ಸುಮ್ಮನಾಗುತ್ತೆ.

ಥಂಡಿಗೆ ಬ್ಯಾಟರಿಯೊಳಗಿನ ರಿಯಾಕ್ಷನ್ ನಿಧಾನ ಆಗುತ್ತೆ. ಲೆಡ್-ಆಸಿಡ್ ಬ್ಯಾಟರಿ 25 ಡಿಗ್ರಿಯಲ್ಲಿ ಕೊಡೋದರಲ್ಲಿ ಸುಮಾರು 80 ಪರ್ಸೆಂಟ್ ಮಾತ್ರ 0 ಡಿಗ್ರಿಯಲ್ಲಿ ಕೊಡುತ್ತೆ. ನಮ್ಮಲ್ಲಿ ಅಷ್ಟು ಚಳಿ ಇಲ್ಲ, ಆದ್ರೆ ಹಳೇ ಬ್ಯಾಟರಿ ಸೋಲೋಕೆ ಇರೋ ಚಳಿಯೇ ಸಾಕು. ಜೊತೆಗೆ ಎಣ್ಣೆ, ಗ್ರೀಸ್ ಗಟ್ಟಿಯಾಗಿ ಮೋಟಾರ್ ಇನ್ನೂ ಜಾಸ್ತಿ ಕರೆಂಟ್ ಕೇಳುತ್ತೆ. ಆದಾಯ ಕಡಿಮೆ, ಖರ್ಚು ಜಾಸ್ತಿ!

ಅಲ್ಲಿಯವರು ಬ್ಯಾಟರಿಯನ್ನ ರಾತ್ರಿ ಮನೆಯೊಳಗೆ ಇಟ್ಟು ಚಾರ್ಜ್ ಮಾಡ್ತಾರೆ, ತೆಳು ಗ್ರೀಸ್ ಹಾಕ್ತಾರೆ. ನಮ್ಮಪ್ಪ ಟರ್ಮಿನಲ್ ಮೇಲಿನ ಬಿಳಿ ಪುಡಿಯನ್ನ ಬಿಸಿನೀರಲ್ಲಿ ತೊಳೀತಾರೆ, ಕ್ಲಚ್ ಒತ್ತಿಯೇ ಸೆಲ್ಫ್ ಹೊಡೀತಾರೆ. ಯಾಕೆ ಅಂತ ಕೇಳಿದೆ. "ತಮ್ಮಾ, ಗೇರ್‌ಬಾಕ್ಸಿನ ಎಣ್ಣಿ ಗಟ್ಟಿ ಆಗಿರತೈತಿ. ಅದರ ಭಾರನೂ ಸೆಲ್ಫ್ ಮ್ಯಾಲೆ ಯಾಕ ಹಾಕೂದು?" ಅಂದ್ರು. ನಾನು ಇಂಗ್ಲಿಷ್‌ನಲ್ಲಿ ಓದಿದ ವಿಸ್ಕಾಸಿಟಿ ಪೂರ್ತಿ ಆ ಒಂದು ಮಾತಲ್ಲಿತ್ತು.

ರಜೆಗೆ ಊರಿಗೆ ಹೋಗೋರು ಒಂದು ಮಲ್ಟಿಮೀಟರ್ ಒಯ್ಯಿರಿ. ರಾತ್ರಿಯಿಡೀ ಸುಮ್ಮನಿದ್ದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಿದ್ರೆ ಚಾರ್ಜ್ ತುಂಬಿದೆ ಅಂತ. ಸೆಲ್ಫ್ ಹೊಡೆದಾಗ 9ರ ಕೆಳಗೆ ಬಿದ್ರೆ ಹೊಸದರ ಯೋಚನೆ ಮಾಡಿ. ಅದಕ್ಕೂ ಮೊದಲು ಆ ಬಿಳಿ ಪುಡಿ ತೊಳೀರಿ.