ದೊಡ್ಡ ಸಂಸಾರದ ಒಗೆತ

ಮನುಷ್ಯನು ಒಂದು ಹೊತ್ತಿನ ಊಟವನ್ನಾದರೂ ಬಿಟ್ಟಾನು. ಉಟ್ಟ ಬಟ್ಟೆ ಕೊಳೆಯಾಗದಂತೆ ಮಾತ್ರ ನೋಡಿಕೊಳ್ಳಲಾರ. ಅದರಲ್ಲಿಯೂ ಮನೆಯಲ್ಲಿ ಹನ್ನೊಂದು ಮಂದಿಯಿದ್ದು, ಆ ಮನೆ ಚಳ್ಳಕೆರೆ ಸೀಮೆಯ ನನ್ನಿವಾಳದಲ್ಲಿದ್ದರೆ ಕೇಳಬೇಕಾದುದೇ ಇಲ್ಲ. ಶೇಂಗಾ ಹೊಲದ ಕೆಮ್ಮಣ್ಣು ನೇರವಾಗಿ ಬಂದು ಪಂಚೆಯ ಅಂಚಿನಲ್ಲಿ ಬಿಡಾರ ಹೂಡುತ್ತದೆ.

ಇಂಥ ಸಂಸಾರವು ವಾಷಿಂಗ್ ಮೆಷಿನ್ ಕೊಳ್ಳಲು ಹೊರಟಾಗ ಮೊದಲು ಸಭೆ ಸೇರುವವರು ಗಂಡಸರು. ಹಿರಿಯ ಮಗನು ಕಿಲೋಗಳ ಲೆಕ್ಕ ಹಾಕುತ್ತಾನೆ. ಕಿರಿಯವನು ಕಂತಿನ ಲೆಕ್ಕ ಹೇಳುತ್ತಾನೆ. ಯಜಮಾನರು ಬಾಳಿಕೆಯನ್ನು ವಿಚಾರಿಸುತ್ತಾರೆ. ಒಗೆಯುವ ಕಲ್ಲಿನ ಮುಂದೆ ಇಪ್ಪತ್ತು ವರ್ಷ ಸೊಂಟ ಬಗ್ಗಿಸಿದ ಹಿರಿಯ ಸೊಸೆಯನ್ನು ಒಂದು ಮಾತು ಕೇಳಬೇಕೆಂದು ಯಾರಿಗೂ ತೋರುವುದಿಲ್ಲ. ಕೇಳಿದ್ದರೆ ಆಕೆಯ ಉತ್ತರ ಹೀಗಿರುತ್ತಿತ್ತು: “ಮಾವ, ನಮ್ಮ ಬೋರಿನ ನೀರಿನಲ್ಲಿ ತೊಗರಿಬೇಳೆಯೇ ಬೇಯುವುದಿಲ್ಲ. ಬಟ್ಟೆ ಹಸನಾದೀತೇ?”

ಈ ಒಂದು ಪ್ರಶ್ನೆಯಲ್ಲಿ ಅರ್ಧ ರಸಾಯನಶಾಸ್ತ್ರವೇ ಅಡಗಿದೆ. ಬೇಳೆ ಬೇಯಗೊಡದ ನೀರು ಗಡಸು ನೀರು. ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಹೆಚ್ಚು. ಸೋಪು ಅದರಲ್ಲಿ ನೊರೆಗಟ್ಟದೆ ಮಡ್ಡಿಯಾಗುತ್ತದೆ. ಪಾತ್ರೆಯ ತಳದಲ್ಲಿ ಕಾಣುವ ಬಿಳಿಯ ಹೊಪ್ಪಳಿಕೆಯೇ ಯಂತ್ರದೊಳಗಿನ ಹೀಟರಿಗೂ ಅಂಟುತ್ತದೆ. ಆದುದರಿಂದ ಯಂತ್ರಕ್ಕಿಂತ ಮೊದಲು ನೀರನ್ನು ಪರೀಕ್ಷಿಸಬೇಕು. ಅದು ಗಡಸಾಗಿದ್ದರೆ ಆಗಾಗ ಹೊಪ್ಪಳಿಕೆ ಕರಗಿಸುವ ಪುಡಿಯನ್ನು ಹಾಕಿ, ಬಟ್ಟೆಯಿಲ್ಲದೆ ಯಂತ್ರವನ್ನು ಓಡಿಸುವ ಕೆಲಸ ತಪ್ಪಿದ್ದಲ್ಲ. ಮಳೆಯ ನೀರು ಮೆದುವೇ ಹೌದು. ಆದರೆ ಕರ್ನಾಟಕದಲ್ಲಿಯೇ ಅತಿ ಕಡಮೆ ಮಳೆ ಬೀಳುವ ಸೀಮೆಗಳಲ್ಲೊಂದಾದ ಚಳ್ಳಕೆರೆಯಲ್ಲಿ ಅದನ್ನು ನಂಬಿ ಒಗೆತವನ್ನು ಮುಂದೂಡಲಾದೀತೇ?

ನೀರಿನ ಈ ಬಡತನವೇ ಎದುರು ಬಾಗಿಲಿನ ಯಂತ್ರದ ಪರವಾಗಿ ವಾದಿಸುತ್ತದೆ. ಮೇಲಿನಿಂದ ಬಟ್ಟೆ ತುಂಬುವ ಯಂತ್ರದಲ್ಲಿ ಸಾಮಾನ್ಯವಾಗಿ ಬಟ್ಟೆ ನೀರಿನಲ್ಲಿ ಮುಳುಗಿರಬೇಕು. ಎದುರು ಬಾಗಿಲಿನದರಲ್ಲಿ ಅಡ್ಡಲಾಗಿ ತಿರುಗುವ ಡ್ರಮ್ಮು ಬಟ್ಟೆಯನ್ನು ಮೇಲಕ್ಕೆತ್ತಿ ಕೆಡಹುತ್ತದೆ. ಕಲ್ಲಿನ ಮೇಲೆ ಸೆಣೆಯುವ ಕೆಲಸವನ್ನೇ ಅದು ಸದ್ದಿಲ್ಲದೆ, ಬಹಳ ಕಡಮೆ ನೀರಿನಲ್ಲಿ ಮಾಡುತ್ತದೆ. ಬಿಸಿನೀರಿನ ಅನುಕೂಲವೂ ಇರುವುದರಿಂದ ಎಣ್ಣೆಯ ಕಲೆ ಬಿಡುತ್ತದೆ. ಎಣ್ಣೆ ಗಿರಣಿಗಳಿಗೆ ಹೆಸರಾದ ತಾಲ್ಲೂಕಿನಲ್ಲಿ ಇದು ಸಣ್ಣ ಲಾಭವಲ್ಲ. ಆದರೆ ಅದಕ್ಕೆ ನೊರೆ ಕಡಮೆಯಾದ ಪುಡಿಯೇ ಬೇಕು. ಹೊತ್ತೂ ಹೆಚ್ಚು ಬೇಕು. ಕರೆಂಟು ನಡುವೆ ಹೋದರೆ, ನೀರು ತುಂಬಿದ ಯಂತ್ರದ ಬಾಗಿಲು ಸುಲಭವಾಗಿ ತೆರೆಯದು. ನಿಂತಲ್ಲಿಂದಲೇ ಮತ್ತೆ ಕೆಲಸ ಮುಂದುವರಿಸುವ ಯಂತ್ರವನ್ನೇ ಆರಿಸುವುದು ಜಾಣತನ.

ಕಿಲೋಗಳ ವಿಷಯದಲ್ಲಿ ಹಿರಿಯ ಮಗನು ಎಡವುವುದುಂಟು. ಅಂಗಡಿಯವರು ಹೇಳುವ 8 ಕಿಲೋ ಒಣಬಟ್ಟೆಯ ತೂಕ. ಅದೂ ಹತ್ತಿಬಟ್ಟೆಗೆ ಮಾತ್ರ. ಪಾಲಿಯೆಸ್ಟರ್ ಬಟ್ಟೆಗೆ ಹೆಚ್ಚಿನ ಯಂತ್ರಗಳಲ್ಲಿ ಅದರ ಅರ್ಧದಷ್ಟೇ ಹಿಡಿಸುತ್ತದೆ. ಹತ್ತಿಯ ಸೀರೆಯೊಂದು ಸುಮಾರು ಅರ್ಧ ಕಿಲೋ ತೂಗುತ್ತದೆ. ಜೋಡಿ ಹಾಸಿಗೆಯ ಹೊದಿಕೆ ಅದಕ್ಕಿಂತಲೂ ಹೆಚ್ಚು. ಹನ್ನೊಂದು ಮಂದಿಗೆ 9 ಅಥವಾ 10 ಕಿಲೋದ ಯಂತ್ರವೇ ತಕ್ಕದ್ದು. ಡ್ರಮ್ಮಿನ ಮೇಲ್ಭಾಗದಲ್ಲಿ ಒಂದು ಅಂಗೈಯಷ್ಟು ಜಾಗ ಬಿಟ್ಟರೆ ಮಾತ್ರ ಬಟ್ಟೆ ಬಿದ್ದೆದ್ದು ಶುಭ್ರವಾದೀತು.

ಆದರೂ ಎಲ್ಲವೂ ಅದರ ಹೊಟ್ಟೆಗೆ ಹೋಗತಕ್ಕವಲ್ಲ. ಈ ಸೀಮೆಯ ಉಣ್ಣೆಯ ಕಂಬಳಿ ನೀರು ಕುಡಿದು ಭಾರವಾಗಿ, ಉಜ್ಜಾಟದಲ್ಲಿ ಕುಗ್ಗಿ ಗಟ್ಟಿಯಾಗುತ್ತದೆ. ಪಕ್ಕದ ಮೊಳಕಾಲ್ಮೂರಿನ ರೇಷ್ಮೆ ಸೀರೆಯನ್ನು ಅದರೊಳಗೆ ತಳ್ಳುವ ಧೈರ್ಯ, ಮದುವೆಯಲ್ಲಿ ಅದನ್ನುಟ್ಟ ಅತ್ತೆಯ ಮುಂದೆ ಯಾವ ಸೊಸೆಗೂ ಬಾರದು.

ಯಂತ್ರವು ಮನೆಗೆ ಬಂದಮೇಲೆ ಸಮನಾದ ಗಟ್ಟಿ ನೆಲ, ಸಾಗಣೆಗಾಗಿ ಹಾಕಿದ ಹಿಂಬದಿಯ ಬೋಲ್ಟುಗಳನ್ನು ತೆಗೆಸುವುದು, ಕೆಲಸ ಮುಗಿದ ಬಳಿಕ ಬೂಷ್ಟು ಹಿಡಿಯದಂತೆ ಬಾಗಿಲನ್ನು ತುಸು ತೆರೆದಿಡುವುದು, ಇಷ್ಟನ್ನು ಮರೆಯಬಾರದು. ಇವೆಲ್ಲಕ್ಕಿಂತ ಹೆಚ್ಚಾಗಿ, ಕಲ್ಲಿನ ಬಳಿ ಉಳಿದ ಎರಡು ಗಂಟೆಯನ್ನು ಇನ್ನೊಂದು ಮನೆಗೆಲಸ ಬಂದು ನುಂಗದಂತೆ ನೋಡಿಕೊಳ್ಳಬೇಕು. ಸಭೆ ಸೇರಿದ ಗಂಡಸರು ಇದಕ್ಕೂ ನೆರವಾಗಬಲ್ಲರು. ಯಂತ್ರದ ಗುಂಡಿಯೊತ್ತಲು ಸೊಂಟ ಬಗ್ಗಿಸಬೇಕಾಗಿಲ್ಲ. ಅವರ ಒಂದು ಬೆರಳೇ ಸಾಕು.