ಹಳೆಯ ಅಂಬಾಸಿಡರ್, ಬಾಡಿಗೆಯ ಕಾರು ಮತ್ತು ಒಂದು ನಿಸಿಧಿಗಲ್ಲು

ಕರ್ನಾಟಕದ ಶಾಸನಾಧ್ಯಯನದ ಚರಿತ್ರೆಯನ್ನು ಬರೆಯುವವರು ವಿದ್ವಾಂಸರನ್ನೂ ಸಂಪುಟಗಳನ್ನೂ ನೆನೆಯುತ್ತಾರೆ. ಅವರನ್ನು ಕಲ್ಲಿನ ಬಳಿಗೆ ಕೊಂಡೊಯ್ದ ವಾಹನಗಳನ್ನು ನೆನೆಯುವುದು ವಿರಳ. ಶ್ರವಣಬೆಳಗೊಳದ ಶಾಸನಗಳನ್ನು ಬಿ. ಎಲ್. ರೈಸ್ 1889ರಲ್ಲಿ ಪ್ರಕಟಿಸಿದರು, ಆರ್. ನರಸಿಂಹಾಚಾರ್ಯರ ಪರಿಷ್ಕೃತ ಸಂಪುಟ 1923ರಲ್ಲಿ ಬಂದಿತು. ಅದು ಮೋಟಾರು ಇನ್ನೂ ಅಪರೂಪವಾಗಿದ್ದ ಕಾಲ. ಸ್ವಾತಂತ್ರ್ಯಾನಂತರದ ತಲೆಮಾರುಗಳ ಕ್ಷೇತ್ರಕಾರ್ಯದಲ್ಲಿ ಅಂಬಾಸಿಡರ್ ಕಾರಿಗೂ ಒಂದು ಪಾಲಿದೆ.

ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರನ್ನು ಆಧರಿಸಿ, ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ಹಿಂದೂಸ್ತಾನ್ ಮೋಟಾರ್ಸ್ ತಯಾರಿಸುತ್ತಿದ್ದ ಈ ಕಾರಿನ ಉತ್ಪಾದನೆ 2014ರಲ್ಲಿ ನಿಂತಿತು. ಅರ್ಧ ಶತಮಾನಕ್ಕೂ ಮಿಕ್ಕಿದ ಅವಧಿಯಲ್ಲಿ ಅದರ ಆಕಾರ ಹೆಚ್ಚು ಬದಲಾಗಲಿಲ್ಲ. ನೆಲದಿಂದ ಎತ್ತರವಾದ ಒಡಲು, ಹಲಗೆಯಂತೆ ಉದ್ದನೆಯ ಮುಂದಿನ ಆಸನ, ಸ್ಟಿಯರಿಂಗಿನ ಪಕ್ಕದಲ್ಲೇ ಗೇರಿನ ಹಿಡಿ. ಕೆಟ್ಟರೆ ತಾಲ್ಲೂಕು ಕೇಂದ್ರದ ಯಾವ ಗ್ಯಾರೇಜಿನಲ್ಲೂ ರಿಪೇರಿಯಾಗುತ್ತಿತ್ತು.

ಮೈಸೂರಿನ ನಿವೃತ್ತ ಕನ್ನಡ ಪ್ರಾಧ್ಯಾಪಕರೊಬ್ಬರ ಬಳಿ ಇಂಥದೊಂದು ಕಾರಿದೆ, 1984ರದು. ಮಸಿ, ಕುಂಚ, ಕಾಗದದ ಸುರುಳಿ, ನೀರಿನ ಬಕೆಟ್ಟು, ಎರಡು ಹೊತ್ತಿನ ಬುತ್ತಿ, ಇಷ್ಟನ್ನೂ ಡಿಕ್ಕಿಯಲ್ಲಿಟ್ಟು ಅವರು ಹಾಸನ, ಮಂಡ್ಯ, ತುಮಕೂರು ಜಿಲ್ಲೆಗಳ ಹೊಲಗದ್ದೆಗಳನ್ನು ಅಲೆದರು. ಹದಿನೈದು ವರ್ಷ ಕಳೆದ ಖಾಸಗಿ ಕಾರಿನ ನೋಂದಣಿಯನ್ನು ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. 2022ರ ಏಪ್ರಿಲ್‌ನಲ್ಲಿ ಅದರ ಶುಲ್ಕ 600 ರೂಪಾಯಿಯಿಂದ 5,000 ರೂಪಾಯಿಗೆ ಏರಿತು. 2024ರ ನವೀಕರಣ ಹತ್ತಿರವಾದಾಗ ಮನೆಯಲ್ಲಿ ಚರ್ಚೆಯಾಯಿತು. ಎಪ್ಪತ್ತು ದಾಟಿದವರು, ಸೀಟ್ ಬೆಲ್ಟ್ ಕೂಡ ಇಲ್ಲದ ಕಾರಿನಲ್ಲಿ ಹೆದ್ದಾರಿಗೆ ಇಳಿಯುವುದು ಬೇಡವೆಂಬುದು ಮಗಳ ಹಟ. ನಾಗಮಂಗಲ ಸೀಮೆಯ ಒಂದು ಹಳ್ಳಿಗೆ ಹೋಗಬೇಕಾಗಿ ಬಂದಾಗ ಅವರ ಸಂಶೋಧನ ವಿದ್ಯಾರ್ಥಿ ಹೊಸ ಕಾರೊಂದನ್ನು ಹನ್ನೆರಡು ಗಂಟೆಯ ಬಾಡಿಗೆಗೆ ತಂದನು. ಕಪ್ಪು ಫಲಕದ ಮೇಲೆ ಹಳದಿ ಅಂಕಿ. ಬೆಳಿಗ್ಗೆ ಏಳಕ್ಕೆ ಪಡೆದದ್ದನ್ನು ಸಂಜೆ ಏಳಕ್ಕೆ ಒಪ್ಪಿಸಬೇಕು.

ದಾರಿಯಲ್ಲಿ ಹೊಸ ಕಾರಿನ ಗುಣಗಳು ಒಂದೊಂದಾಗಿ ತಿಳಿದವು. ಗುಂಡಿ ಒತ್ತಿದರೆ ಚಾಲೂ ಆಗುತ್ತದೆ. ಬೆಲ್ಟ್ ಬಿಗಿಯದಿದ್ದರೆ ಕೂಗುತ್ತದೆ. ವೇಗ 80 ಕಿಲೋಮೀಟರ್ ದಾಟಿದರೆ ಎಚ್ಚರಿಸುತ್ತದೆ. ಆದರೆ ಊರಾಚೆಯ ಬಂಡಿಜಾಡಿನಲ್ಲಿ ಅದರ ತಳ ಕಲ್ಲಿಗೆ ಉಜ್ಜಿತು. ಗೀರು ಬಿದ್ದರೆ ದಂಡವೆಂದು ಕಾರನ್ನು ಅಲ್ಲಿಯೇ ನಿಲ್ಲಿಸಿ, ಸಾಮಗ್ರಿಯನ್ನು ಹೊತ್ತು ಒಂದು ಮೈಲಿ ನಡೆದರು. ಕಲ್ಲಿನ ಬಳಿ ತಲಪುವಾಗ ಒಂಬತ್ತೂವರೆ.

ಅದೊಂದು ನಿಸಿಧಿಗಲ್ಲು. ಸಲ್ಲೇಖನದಿಂದ ಮುಡಿಪಿದ ಹೆಣ್ಣುಮಗಳೊಬ್ಬಳ ಸ್ಮಾರಕ. ಹೆಸರಿನ ಎರಡನೆಯ ಅಕ್ಷರ ಸವೆದುಹೋಗಿ ಮಕಾರವೋ ವಕಾರವೋ ತಿಳಿಯದು. ಹಳಗನ್ನಡ ಲಿಪಿಯಲ್ಲಿ ಈ ಎರಡನ್ನು ಬೇರ್ಪಡಿಸುವುದು ಬಲಬದಿಯ ಸಣ್ಣ ಕೊಂಡಿ. ಪಡಿಯಚ್ಚಿನಲ್ಲಿ ಆ ಎಡೆ ಬರಿಯ ಮಸಿಯ ಕಲೆಯಾಗಿ ಮೂಡಿತು. ಇಂಥ ಅಕ್ಷರ ತೆರೆದುಕೊಳ್ಳುವುದು ಓರೆ ಬೆಳಕಿಗೆ. ದಕ್ಷಿಣಕ್ಕೆ ಮುಖ ಮಾಡಿದ ಆ ಕಲ್ಲಿಗೆ ಮಾಘ ಮಾಸದ ಇಳಿಬಿಸಿಲು ಐದೂವರೆಯ ವೇಳೆಗೆ ಪಕ್ಕದಿಂದ ಬೀಳಬೇಕಿತ್ತು. ನಾಲ್ಕೂವರೆಗೆ ವಿದ್ಯಾರ್ಥಿ ಗಡಿಯಾರ ನೋಡಿದನು. “ಮೇಷ್ಟ್ರೇ, ಈಗ ಹೊರಡದಿದ್ದರೆ ಏಳಕ್ಕೆ ತಲಪುವುದಿಲ್ಲ.” ಅವರು ಮಾತಾಡದೆ ಕುಂಚ ತೊಳೆದರು. ಅಂಬಾಸಿಡರ್ ಇದ್ದಿದ್ದರೆ ಕತ್ತಲಾಗುವವರೆಗೂ ಕಾಯುತ್ತಿದ್ದರು.

ಮರಳುವ ದಾರಿಯಲ್ಲಿ ಸೈಕಲ್ಲಿನ ಹುಡುಗನೊಬ್ಬ ಅಡ್ಡರಸ್ತೆಯಿಂದ ಒಮ್ಮೆಲೇ ಹೆದ್ದಾರಿಗೆ ಬಂದನು. ವಿದ್ಯಾರ್ಥಿ ಬ್ರೇಕನ್ನು ಪೂರ್ತಿ ಒತ್ತಿದನು. ಚಕ್ರಗಳು ಜಾರಲಿಲ್ಲ, ಕಾರು ಹುಡುಗನಿಂದ ಎರಡು ಮಾರು ದೂರದಲ್ಲಿ ನಿಂತಿತು. ಚಕ್ರ ಬಿಗಿದುಕೊಳ್ಳದಂತೆ ತಡೆಯುವ ಆ ವ್ಯವಸ್ಥೆ ಹಳೆಯ ಕಾರಿನಲ್ಲಿಲ್ಲ. ಅದರ ಡ್ರಮ್ ಬ್ರೇಕು ಎಷ್ಟು ದೂರದಲ್ಲಿ ನಿಲ್ಲಿಸುತ್ತಿತ್ತೆಂಬುದು ನಲವತ್ತು ವರ್ಷ ಅದನ್ನು ಓಡಿಸಿದವರಿಗೆ ಚೆನ್ನಾಗಿ ಗೊತ್ತಿತ್ತು. ಮೈಸೂರು ಮುಟ್ಟುವವರೆಗೆ ಅವರು ಕಾರಿನ ವಿಷಯ ಎತ್ತಲಿಲ್ಲ.

ಹಳೆಯದು ನಂಬಿಕೆಯದು, ಹೊಸದು ಬರಿಯ ಥಳುಕು ಎಂಬ ತೀರ್ಮಾನ ಸುಲಭ; ಅದು ಸತ್ಯವಲ್ಲ. ಕೆಟ್ಟರೂ ಸರಿಯಾಗುತ್ತದೆಂಬುದು ಹಳೆಯ ಕಾರಿನ ಮೇಲಿನ ನಂಬಿಕೆ. ಅವಘಡವನ್ನು ತಡೆಯುತ್ತದೆಂಬುದು ಹೊಸದರ ಮೇಲಿನದು. ಎರಡೂ ನಂಬಿಕೆಯೇ, ಆದರೆ ಒಂದಲ್ಲ. ನಿಸಿಧಿಗಲ್ಲಿನ ಮುಂದೆ ಕೊರತೆಯಾದದ್ದು ಯಂತ್ರದ್ದಲ್ಲ, ಅವಧಿಯದು. ಸ್ವಂತ ಕಾರು ಕೊಡುತ್ತಿದ್ದ ಮುಖ್ಯ ಸೌಕರ್ಯ ಕಾಯುವ ಸ್ವಾತಂತ್ರ್ಯ. ಗಂಟೆಯ ಲೆಕ್ಕದ ಬಾಡಿಗೆಯಲ್ಲಿ ಅದು ದೊರೆಯದು. ಸಂಶೋಧನೆಗೆ ಹಣ ಮಂಜೂರು ಮಾಡುವ ಸಂಸ್ಥೆಗಳ ಪ್ರವಾಸ ವೆಚ್ಚದ ನಮೂನೆಯಲ್ಲಿ ಕಿಲೋಮೀಟರಿಗೆ ಕಲಮು ಇರುತ್ತದೆ, ಬೆಳಕಿಗೆ ಕಾಯುವ ಹೊತ್ತಿಗೆ ಇರುವುದಿಲ್ಲ.

ಮೂರು ವಾರಗಳ ತರುವಾಯ ಅವರು ಅಂಥದೇ ಕಾರನ್ನು ಎರಡು ದಿನಕ್ಕೆ ಬಾಡಿಗೆಗೆ ಪಡೆದರು. ಬಾಡಿಗೆ ದುಬಾರಿಯೆನಿಸಿದರೂ ಚೌಕಾಸಿ ಮಾಡಲಿಲ್ಲ. ಸಂಜೆಯ ಬಿಸಿಲಿನಲ್ಲಿ ಕೊಂಡಿ ಕಾಣಿಸಿತು. ಮೊದಲು ಕಂಡವನು ವಿದ್ಯಾರ್ಥಿ. ಅಕ್ಷರ ಮಕಾರ. ಅಂಬಾಸಿಡರಿನ ನೋಂದಣಿಯೂ ನವೀಕರಣಗೊಂಡಿತು. ಈಗ ಅದು ಮನೆಯಿಂದ ಗ್ರಂಥಾಲಯಕ್ಕೆ ಹೋಗಿಬರುತ್ತದೆ, ಹೆದ್ದಾರಿಗೆ ಇಳಿಯುವುದಿಲ್ಲ.