ಚೆರ್ಲಾಯಿಯ ಮಾಮ ಮತ್ತು ಯಹೂದಿಗಳ ಹಬ್ಬ

ಎಂಬತ್ತರ ದಶಕದ ಆರಂಭದ ಮಾತು. ಬ್ಯಾಂಕಿನವರು ನನ್ನನ್ನು ಕುಮಟೆಯಿಂದ ಎತ್ತಿ ಕೊಚ್ಚಿಗೆ ಹಾಕಿದ್ದರು. ಇನ್ನೂ ಮದುವೆಯಾಗಿರಲಿಲ್ಲ, ಹಾಗಾಗಿ ಗೋಳೇನೂ ಅನ್ನಿಸಲಿಲ್ಲ. ಮಟ್ಟಾಂಚೇರಿಯ ಚೆರ್ಲಾಯಿಯಲ್ಲಿ ದೂರದ ಸಂಬಂಧಿಕರೊಬ್ಬರ ಮಾಳಿಗೆಯಲ್ಲಿ ಬಿಡಾರ ಹೂಡಿದೆ. ಯಜಮಾನರು ಕಾಳುಮೆಣಸಿನ ವ್ಯಾಪಾರಿ. ನಾನು ಮಾಮ ಎನ್ನುತ್ತಿದ್ದೆ. ಚೆರ್ಲಾಯಿ ಎಂದರೆ ಕೊಂಕಣಿಗರ ಕೇರಿ. ಮನೆಯೊಳಗೆ ನಮ್ಮೂರಿನದೇ ದಾಳಿತೋಯ್, ಹೊಸ್ತಿಲು ದಾಟಿದರೆ ಮಲಯಾಳ.

ದಸರೆ ಕಳೆದು ಕೆಲವು ದಿನವಾಗಿತ್ತು. ಒಂದು ಸಂಜೆ ಅಂಗಡಿ ಮುಚ್ಚಿ ಬಂದ ಮಾಮ ಕೈಕಾಲು ತೊಳೆದು, "ಬಾರೋ, ಜ್ಯೂ ಟೌನಿಗೆ ಹೋಗಿ ಬರೋಣ. ಅವರ ದೊಡ್ಡ ಹಬ್ಬ. ಇವತ್ತು ನಮ್ಮಂಥವರಿಗೂ ಬಾಗಿಲು ತೆಗೆದಿರುತ್ತದೆ" ಎಂದರು. ಸಿಂಹತ್ ತೋರಾ ಎಂದು ಅದರ ಹೆಸರು. ವಾರವಾರವೂ ಓದಿಕೊಂಡು ಬಂದ ಅವರ ಧರ್ಮಗ್ರಂಥ ಆ ದಿನ ಮುಗಿದು, ಅಲ್ಲೇ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ನಮ್ಮ ಭಾಗವತ ಪಾರಾಯಣದ ಮಂಗಳದ ಹಾಗೆ.

ಅವರ ಪ್ರಾರ್ಥನಾಮಂದಿರವಾದ ಸಿನಗಾಗಿನ ಬಾಗಿಲಲ್ಲಿ ಮಾಮ ಚಪ್ಪಲಿ ಬಿಟ್ಟರು. ನಾನು ಅವರ ಮುಖ ನೋಡಿದೆ. "ಇಲ್ಲಿ ಅವರೂ ಬಿಡುತ್ತಾರೆ" ಎಂದರು. ಬೇರೆ ದೇಶದ ಹೆಚ್ಚಿನ ಯಹೂದಿಗಳಲ್ಲಿ ಈ ಪದ್ಧತಿ ಇಲ್ಲವೆಂದು ಆಮೇಲೆ ತಿಳಿಯಿತು. ಕೊಚ್ಚಿಯವರು ಅದನ್ನು ಪಕ್ಕದ ದೇವಸ್ಥಾನಗಳಿಂದ ಎತ್ತಿಕೊಂಡಿರಬೇಕು. ಒಳಗೆ ಗಾಜಿನ ಬಟ್ಟಲುಗಳಲ್ಲಿ ತೆಂಗಿನೆಣ್ಣೆಯ ದೀಪಗಳು, ಆ ಸೆಕೆಯಲ್ಲಿ ಮಲ್ಲಿಗೆಯ ವಾಸನೆ. ಬರಿಗಾಲಿಗೆ ನೆಲ ತಣ್ಣಗೆ ತಾಗಿತು. ಚೀನಾದ ಕ್ಯಾಂಟನ್ನಿನಿಂದ ಹಡಗಿನಲ್ಲಿ ತಂದ ನೀಲಿ-ಬಿಳಿ ಪಿಂಗಾಣಿ ಬಿಲ್ಲೆಗಳು, ಕೈಯಿಂದ ಚಿತ್ರ ಬಿಡಿಸಿದವು. ಒಂದರಂತೆ ಇನ್ನೊಂದಿಲ್ಲ ಎಂದು ಮಾಮ ಪಿಸುಗುಟ್ಟಿದ್ದೇ ತಡ, ಗುಮಾಸ್ತನ ಬುದ್ಧಿ ನೋಡಿ, ನಾನು ಬಗ್ಗಿ ತಾಳೆ ನೋಡತೊಡಗಿದೆ. ಒಂದೇ ಥರದ ಜೋತುಬಿದ್ದ ಮರ ಎರಡು ಬಿಲ್ಲೆಗಳಲ್ಲಿ ಕಂಡಿತು. ದಿಟ್ಟಿಸಿದರೆ ಕೊಂಬೆಗಳು ಬೇರೆ. ಅಷ್ಟರಲ್ಲಿ ಬೆಳ್ಳಿಯ ಕರಡಿಗೆಗಳಲ್ಲಿಟ್ಟ ತೋರಾ ಸುರುಳಿಗಳನ್ನು ಎದೆಗವಚಿಕೊಂಡು ಮುದುಕರು ಹಾಡುತ್ತ ಸುತ್ತು ಹಾಕಲು ಹೊರಟರು. ಹೊತ್ತವರಲ್ಲಿ ಹೆಚ್ಚಿನವರು ಮುದುಕರೇ. ತರುಣರು ಆಗಲೇ ಇಸ್ರೇಲಿನಲ್ಲಿದ್ದರು.

ಮರಳುವಾಗ ಮಾಮ ಮಾತಿಗೆ ತೊಡಗಿದರು. ಅವರು ಹೇಳಿದ್ದನ್ನೂ ನಾನು ಆಮೇಲೆ ಓದಿದ್ದನ್ನೂ ಈಗ ಬೇರೆ ಮಾಡಲಾರೆ.

ನಮ್ಮ ಕೊಂಕಣಿಗರ ಹಿರಿಯರು ಗೋವೆ ಬಿಟ್ಟು ಓಡಿ ಬಂದವರು ಎಂಬುದು ಮನೆಮನೆಯ ಕಥೆ. 1560ರಲ್ಲಿ ಪೋರ್ಚುಗೀಸರು ಅಲ್ಲಿ ಇನ್‌ಕ್ವಿಸಿಷನ್ ಎಂಬ ಧರ್ಮವಿಚಾರಣೆಯ ಕೋರ್ಟು ತೆರೆದರು. ಆದರೆ ಅದರ ಕೆಂಗಣ್ಣು ಮೊದಲು ಬಿದ್ದದ್ದು ನಮ್ಮವರ ಮೇಲಲ್ಲ. ಪೋರ್ಚುಗಲ್ಲಿನ ಯಹೂದಿಗಳಿಗೆ 1497ರಲ್ಲೇ ಬಲವಂತದ ದೀಕ್ಷೆಯಾಗಿತ್ತು. ಅಂಥ ಮನೆತನಗಳಿಂದ ಗೋವೆಗೆ ಬಂದವರು ಗುಟ್ಟಾಗಿ ಹಳೆಯ ಧರ್ಮವನ್ನೇ ನಡೆಸುತ್ತಾರೆಂಬ ಗುಮಾನಿ. ಗಾರ್ಸಿಯಾ ದ ಓರ್ತಾ ಎಂಬ ವೈದ್ಯ, ನಮ್ಮ ದೇಶದ ಮೂಲಿಕೆಗಳ ಮೇಲೆ 1563ರಲ್ಲಿ ಗೋವೆಯಲ್ಲೇ ಪುಸ್ತಕ ಅಚ್ಚು ಹಾಕಿಸಿದವ, ಇಂಥವನೊಬ್ಬ. 1568ರಲ್ಲಿ ತೀರಿಕೊಂಡ. ಮರುವರ್ಷ ಅವನ ತಂಗಿಯನ್ನು ಸುಟ್ಟರು. 1580ರಲ್ಲಿ ಇವನ ಎಲುಬುಗಳನ್ನೂ ಗೋರಿಯಿಂದ ಅಗೆದು ತೆಗೆದು ಸುಟ್ಟರು.

ನಾವು ಆಗಷ್ಟೇ ನೋಡಿ ಬಂದ ಸಿನಗಾಗ್ ಎದ್ದದ್ದು ಅದೇ 1568ರಲ್ಲಿ. ಕೊಡುಂಗಲ್ಲೂರಿನಲ್ಲಿ ನೆಲೆ ಕಳೆದುಕೊಂಡು ಬಂದ ಯಹೂದಿಗಳಿಗೆ ಕೊಚ್ಚಿಯ ರಾಜ ತನ್ನ ಅರಮನೆಗೆ ತಾಗಿಯೇ ಜಾಗ ಕೊಟ್ಟ. ಅರಮನೆಯ ದೇವಸ್ಥಾನಕ್ಕೂ ಸಿನಗಾಗಿಗೂ ನಡುವೆ ಒಂದು ಗೋಡೆ. ನಮ್ಮವರಿಗೂ ಜಾಗ ಕೊಟ್ಟದ್ದು ಅದೇ ರಾಜವಂಶ. 1662ರಲ್ಲಿ ಡಚ್ಚರು ಕೊಚ್ಚಿಗೆ ಮುತ್ತಿಗೆ ಹಾಕಿ ಹಿಮ್ಮೆಟ್ಟಿದಾಗ, ಯಹೂದಿಗಳು ಅವರಿಗೆ ನೆರವಾದರೆಂದು ಪೋರ್ಚುಗೀಸರು ಇಲ್ಲಿಗೂ ಬಂದು ಸಿನಗಾಗಿಗೆ ಬೆಂಕಿಯಿಟ್ಟರು. ಮರುವರ್ಷ ಡಚ್ಚರೇ ಗೆದ್ದರು, ಸಿನಗಾಗ್ ಮತ್ತೆ ಎದ್ದಿತು.

"ರಾಜ ದೊಡ್ಡ ಮನಸ್ಸಿನವ ಮಾಮ" ಎಂದೆ. ಮಾಮನಿಗೆ ನಗು ಬಂತು. "ರಾಜನಿಗೆ ಮೆಣಸು ಮಾರುವವರು ಬೇಕಿತ್ತು. ನಮಗೆ ನಿಲ್ಲಲು ನೆಲ ಬೇಕಿತ್ತು. 1791ರಲ್ಲಿ ಅದೇ ಮನೆತನದ ಶಕ್ತನ್ ತಂಪುರಾನ್ ನಮ್ಮವರ ತಲೆ ತೆಗೆಸಿದ, ಗೊತ್ತೇನು? ನಮ್ಮ ಗುಡಿಯ ತಿರುಮಲ ದೇವರನ್ನು ಹೊತ್ತುಕೊಂಡು ತಿರುವಾಂಕೂರಿಗೆ ಓಡಿದೆವು. ದೇವರು ವಾಪಸು ಬರಲು ಅರವತ್ತು ವರ್ಷ ಹಿಡಿಯಿತು."

ಕೊಚ್ಚಿಯನ್ನು ಸಾಮರಸ್ಯದ ಬೀಡು ಎಂದು ಹಾಡಿ ಹೊಗಳುವ ಬರಹ ಕಂಡಾಗಲೆಲ್ಲ ನನಗೆ ಆ ನಗು ಕೇಳಿಸುತ್ತದೆ. ಯಹೂದಿಗಳು ನಮ್ಮ ಮನೆಯಲ್ಲಿ ಉಣ್ಣುತ್ತಿರಲಿಲ್ಲ, ಅವರ ಮಡಿ ಅವರಿಗೆ. ನಾವು ಅವರಲ್ಲಿ ನೀರೂ ಮುಟ್ಟುತ್ತಿರಲಿಲ್ಲ. ಆ ರಾತ್ರಿ ತಟ್ಟೆಯಲ್ಲಿ ಏನೋ ಸಿಹಿ ಬಂದಾಗ ಮಾಮ ಕೈ ಮುಗಿದರು. ಕೊಟ್ಟವರಿಗೆ ಬೇಸರವಾದಂತೆ ಕಾಣಲಿಲ್ಲ. ನಾನು ತಿಂದೆ. ಇದನ್ನು ಪ್ರೀತಿ ಎನ್ನಲಾರೆ. ಆದರೆ ಯುರೋಪಿನಲ್ಲಿ ಶತಮಾನಗಟ್ಟಲೆ ಯಹೂದಿಗಳನ್ನು ಅಟ್ಟಿದ್ದನ್ನು, ಕೊಂದದ್ದನ್ನು ನೆನೆದರೆ, ಕೈ ಮುಗಿದು ತಟ್ಟೆ ದಾಟಿಸುವ ಈ ನೆರೆಹೊರೆಯನ್ನು ಹಗುರವಾಗಿ ಕಾಣಲೂ ಮನಸ್ಸು ಬರುವುದಿಲ್ಲ.

ಇಷ್ಟಕ್ಕೂ ಅವರೊಳಗೇ ಪಂಕ್ತಿಭೇದವಿತ್ತು. ನಮ್ಮಿಂದ ಕಲಿತರೋ, ತಾವೇ ತಂದರೋ. ಗುಲಾಮಗಿರಿಯಿಂದ ಬಿಡುಗಡೆ ಪಡೆದವರ ಸಂತತಿಗೆ ಬಿಳಿ ಯಹೂದಿಗಳ ಈ ಪರದೇಶಿ ಸಿನಗಾಗಿನೊಳಗೆ ಬೆಂಚಿನ ಮೇಲೆ ಕೂರುವ ಹಕ್ಕಿರಲಿಲ್ಲ, ಹೊರಕೋಣೆಯೇ ಗತಿ. ಆ ಮನೆತನದ ಎ. ಬಿ. ಸಾಲೆಂ ವಕೀಲರಾದರು, 1929ರ ಲಾಹೋರ್ ಕಾಂಗ್ರೆಸ್ ಅಧಿವೇಶನಕ್ಕೆ ಹೋಗಿ ಬಂದರು, ಗಾಂಧಿಯವರ ಸತ್ಯಾಗ್ರಹವನ್ನು ಸಿನಗಾಗಿನೊಳಕ್ಕೇ ತಂದರು. ಯಹೂದಿ ಗಾಂಧಿ ಎಂದೇ ಜನ ಕರೆದರು. 1950ರಲ್ಲಿ ಅವರ ಮಗ ಬಿಳಿ ಯಹೂದಿ ಹುಡುಗಿಯನ್ನು ಮದುವೆಯಾಗಲು ಹೊರಟಾಗ ಕೊಚ್ಚಿಯಲ್ಲಿ ಒಪ್ಪಲಿಲ್ಲ. ಮದುವೆ ಮುಂಬಯಿಯಲ್ಲಿ ಆಯಿತು.

ಇಸ್ರೇಲ್ ಹುಟ್ಟಿದ ಮೇಲೆ, ಪರದೇಶಿಗಳಿಗಿಂತ ಮೊದಲೇ ಇಲ್ಲಿದ್ದ ಮಲಬಾರಿ ಯಹೂದಿಗಳು ಹಿಂಡುಹಿಂಡಾಗಿ ಹೋದರು; ನೆಗೆವ್ ಮರುಭೂಮಿಯ ನೆವಾಟಿಮ್‌ನಲ್ಲಿ ಅವರದೇ ಊರಿದೆ. ಅವರನ್ನು ಕರೆಸಿಕೊಳ್ಳಿ ಎಂದು ಅಲ್ಲಿಯ ಸರಕಾರದೊಡನೆ ವಾದಿಸಿ ಬಂದವರು ಇದೇ ಸಾಲೆಂ. ತಾವು ಮಾತ್ರ ಅಲ್ಲಿ ನೆಲೆಸಲು ಹೋಗಲಿಲ್ಲ, 1967ರಲ್ಲಿ ಕೊಚ್ಚಿಯಲ್ಲೇ ತೀರಿಕೊಂಡರು.

"ಕೊನೆಗೆ ಅವರಿಗೆ ಬೆಂಚು ಸಿಕ್ಕಿತೇ ಮಾಮ?" ಎಂದು ಕೇಳಿದ್ದೆ.

"ಸಿಕ್ಕಿತಪ್ಪ" ಎಂದರು ಮಾಮ. "ಅಷ್ಟು ಹೊತ್ತಿಗೆ ಕೂರುವವರೇ ಕಡಿಮೆಯಾಗಿದ್ದರು."